ಗಾಂಧಿ ವೃತ್ತದಲ್ಲಿ ಸೂರ್ಯ, ಹರಿಹರದಲ್ಲಿ ನೆಪ್ಚೂನ್: ಸೌರವ್ಯೂಹದ ಅಚ್ಚರಿಗಳು

ದಾವಣಗೆರೆ: ಪಠ್ಯಪುಸ್ತಕದ ಒಂದೇ ಪುಟದಲ್ಲಿ ಸೂರ್ಯನೂ ಎಂಟು ಗ್ರಹಗಳೂ ಮಣಿಸರದಂತೆ ಒತ್ತಾಗಿ ನಿಂತ ಚಿತ್ರವನ್ನು ನೋಡದ ವಿದ್ಯಾರ್ಥಿಯಿಲ್ಲ. ಗ್ರಹಗಳ ಬಣ್ಣ, ಕ್ರಮ ಎಲ್ಲವೂ ಅದರಲ್ಲಿ ಸರಿಯಾಗಿಯೇ ಇರುತ್ತವೆ. ತಪ್ಪಿರುವುದು ದೂರ. ಆ ದೂರವನ್ನು ಮನಗಾಣಲು ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯೊಂದೇ ಸಾಕು.

ಎರಡೂ ಊರುಗಳ ನಡುವಿನ ಅಂತರ ಸುಮಾರು 14 ಕಿ.ಮೀ. ಸೂರ್ಯನಿಂದ ನೆಪ್ಚೂನ್ ಗ್ರಹಕ್ಕಿರುವ ಸರಾಸರಿ ಅಂತರ 450 ಕೋಟಿ ಕಿ.ಮೀ. ಇವೆರಡನ್ನೂ ಸಮೀಕರಿಸಿದರೆ ನೆಲದ ಮೇಲಿನ ಒಂದು ಮೀಟರ್ ಬಾಹ್ಯಾಕಾಶದ ಸುಮಾರು 3.21 ಲಕ್ಷ ಕಿ.ಮೀ.ಗೆ ಸಮ. ಈ ಲೆಕ್ಕದಲ್ಲಿ ಗಾಂಧಿ ವೃತ್ತದಲ್ಲಿ ಇರಿಸಬೇಕಾದ ಸೂರ್ಯನ ವ್ಯಾಸ 4.3 ಮೀಟರ್, ಒಂದು ಅಂತಸ್ತಿನ ಮನೆಗಿಂತ ತುಸು ಎತ್ತರ. ಬುಧ 180 ಮೀಟರ್ ದೂರದಲ್ಲಿ, ಶುಕ್ರ 337 ಮೀಟರ್ ದೂರದಲ್ಲಿ. ಭೂಮಿ 465 ಮೀಟರ್ ಆಚೆ, ನಾಲ್ಕು ಸೆಂಟಿಮೀಟರಿನ ಒಂದು ನಿಂಬೆಹಣ್ಣು. ನಾವು ಕಂಡು ಕೇಳಿದ ಸಮಸ್ತ ಇತಿಹಾಸವೂ ಆ ನಿಂಬೆಹಣ್ಣಿನ ಸಿಪ್ಪೆಯ ಮೇಲೆ ನಡೆದದ್ದು. ಚಂದ್ರ ಅದರಿಂದ 1.2 ಮೀಟರ್ ದೂರದ ಕಡಲೆಕಾಳು. 2024ರ ಜನವರಿ 6ರಂದು ತನ್ನ ನೆಲೆ ಸೇರಿದ ಇಸ್ರೋದ ಆದಿತ್ಯ ಎಲ್-1 ನೌಕೆ ಸೂರ್ಯನನ್ನು ನೋಡಲು ಹೋಗಿದೆಯೆಂದು ಹೇಳುತ್ತೇವೆ. ಅದು ನಿಂತಿರುವುದು ಈ ನಿಂಬೆಹಣ್ಣಿನಿಂದ ಐದು ಮೀಟರಿಗೂ ಕಡಿಮೆ ಅಂತರದಲ್ಲಿ.

ಅಲ್ಲಿಂದ ಮುಂದೆ ದಾರಿ ಬರಿದಾಗುತ್ತ ಹೋಗುತ್ತದೆ. ಮಂಗಳ 709 ಮೀಟರಿಗೆ ಸಿಕ್ಕರೆ, ಗುರುವಿಗಾಗಿ 2.4 ಕಿ.ಮೀ. ನಡೆಯಬೇಕು. ಶನಿ 4.5 ಕಿ.ಮೀ.ಗೆ. (2025ರ ಮಾರ್ಚ್‌ನಲ್ಲಿ 128 ಹೊಸ ಚಂದ್ರರಿಗೆ ಮಾನ್ಯತೆ ದೊರೆತು ಶನಿಯ ಚಂದ್ರರ ಸಂಖ್ಯೆ 274ಕ್ಕೆ ಏರಿತು.) ಯುರೇನಸ್ ಸುಮಾರು 9 ಕಿ.ಮೀ.ಗೆ. ಕೊನೆಗೆ ತುಂಗಭದ್ರೆಯ ದಂಡೆಯಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇಗುಲದ ಆಸುಪಾಸಿನಲ್ಲಿ ತೆಂಗಿನಕಾಯಿ ಗಾತ್ರದ ನೆಪ್ಚೂನ್.

ಈ ಮಾದರಿಯಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಬೆಳಕಿನ ನಡಿಗೆ. ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ಓಡುವ ಬೆಳಕು ಇಲ್ಲಿ ಸೆಕೆಂಡಿಗೆ ಒಂದು ಮೀಟರ್ ಕೂಡ ಸಾಗದು. ವಾಯುವಿಹಾರಕ್ಕೆ ಹೊರಟ ಹಿರಿಯರು ಅದನ್ನು ಹಿಂದೆ ಹಾಕಬಲ್ಲರು. ಗಾಂಧಿ ವೃತ್ತ ಬಿಟ್ಟ ಕಿರಣ ನಿಂಬೆಹಣ್ಣನ್ನು ಮುಟ್ಟಲು 8 ನಿಮಿಷ 19 ಸೆಕೆಂಡು, ಹರಿಹರ ಸೇರಲು ನಾಲ್ಕು ಗಂಟೆ ಹತ್ತು ನಿಮಿಷ. 1977ರ ಸೆಪ್ಟೆಂಬರ್ 5ರಂದು ಹೊರಟ ವಾಯೇಜರ್-1 ನೌಕೆ ಇದೇ ಅಳತೆಯಲ್ಲಿ ಹಾವೇರಿಯನ್ನು ದಾಟಿ ಹುಬ್ಬಳ್ಳಿಯ ದಿಕ್ಕಿನಲ್ಲಿದೆ. ಅದರ ವೇಗ ಗಂಟೆಗೆ ಒಂದು ಗೇಣಿಗೂ ಕಡಿಮೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾವನ್ನು ಇರಿಸಲು ಮಾತ್ರ ಈ ನೆಲದಲ್ಲಿ ಜಾಗವಿಲ್ಲ. ಅದರ ದೂರ ಸುಮಾರು 1.25 ಲಕ್ಷ ಕಿ.ಮೀ. ಆಗುತ್ತದೆ, ಅಂದರೆ ಭೂಮಿಯನ್ನು ಮೂರು ಸುತ್ತು ಬಂದಷ್ಟು.

ನೆರಳು ಮಾಯವಾಗುವ ದಿನ

ಮಧ್ಯಾಹ್ನವಾದೊಡನೆ ಸೂರ್ಯ ನೆತ್ತಿಗೆ ಬಂದ ಎನ್ನುವುದು ವಾಡಿಕೆ. ಆದರೆ ದಾವಣಗೆರೆಯಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಬಾರಿ: ಏಪ್ರಿಲ್ 29 ಮತ್ತು ಆಗಸ್ಟ್ 13ರ ಆಸುಪಾಸಿನಲ್ಲಿ. ಆಗಲೂ ಗಡಿಯಾರದಲ್ಲಿ ಹನ್ನೆರಡಾಗಿರುವುದಿಲ್ಲ. ಭಾರತದ ಕಾಲಮಾನ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಗರವು ಅದರ ಪಶ್ಚಿಮಕ್ಕಿರುವುದರಿಂದ ಏಪ್ರಿಲ್‌ನಲ್ಲಿ 12.24ರ ಸುಮಾರಿಗೆ, ಆಗಸ್ಟ್‌ನಲ್ಲಿ 12.31ರ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲಿ ಅಡಗುತ್ತದೆ. ಹರಿಹರದಲ್ಲಿ ಇನ್ನೂ ಅರ್ಧ ನಿಮಿಷ ತಡ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ಕಾಲದಲ್ಲಿ ಉತ್ತರಕ್ಕೆ. ದೆಹಲಿಯವರಿಗೆ ಈ ಭಾಗ್ಯ ಎಂದೂ ಇಲ್ಲ. ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕೆ ಸೂರ್ಯ ನೆತ್ತಿಗೇರುವುದೇ ಇಲ್ಲ.

ಗ್ರಹಣದ ಭಯ, ಗ್ರಹಣದ ಲಾಭ

ಕಡಲೆಕಾಳೊಂದನ್ನು 1.2 ಮೀಟರ್ ದೂರದಲ್ಲಿ ಹಿಡಿದರೆ ಅರ್ಧ ಕಿಲೋಮೀಟರ್ ಆಚೆಯ ಸೂರ್ಯಗೋಳ ಹೆಚ್ಚುಕಡಿಮೆ ಪೂರ್ತಿ ಮರೆಯಾಗುತ್ತದೆ. ಸೂರ್ಯಗ್ರಹಣ ಎಂದರೆ ಇಷ್ಟೇ. ಚಂದ್ರ ತುಸು ಹತ್ತಿರವಿದ್ದಾಗ ಪೂರ್ಣ ಗ್ರಹಣ, ತುಸು ದೂರವಿದ್ದಾಗ ಕಂಕಣ. ಆತ ವರ್ಷಕ್ಕೆ 3.8 ಸೆಂ.ಮೀ.ನಂತೆ ದೂರ ಸರಿಯುತ್ತಿರುವುದರಿಂದ ಸುಮಾರು 60 ಕೋಟಿ ವರ್ಷಗಳ ಬಳಿಕ ಪೂರ್ಣ ಗ್ರಹಣವೆಂಬುದೇ ಇರದು.

1980ರ ಫೆಬ್ರುವರಿ 16ರ ಪೂರ್ಣ ಗ್ರಹಣ ಕರ್ನಾಟಕದ ಕರಾವಳಿಯಿಂದ ರಾಯಚೂರು ಸೀಮೆಯವರೆಗೆ ಹಾದುಹೋಯಿತು. ಆಗ ಚಿತ್ರದುರ್ಗ ಜಿಲ್ಲೆಯ ಭಾಗವಾಗಿದ್ದ ದಾವಣಗೆರೆ, ಹರಿಹರಗಳಿಗೆ ಕಂಡದ್ದು ಪಾರ್ಶ್ವ ಗ್ರಹಣ. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಬಳಿಯ ಹೊಸೂರು ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಉಪಕರಣಗಳನ್ನು ಹೂಡಿ ಕಾದಿದ್ದರೆ, ಅಸಂಖ್ಯ ಮನೆಗಳಲ್ಲಿ ಬಾಗಿಲು, ಕಿಟಕಿ ಭದ್ರವಾಗಿ ಮುಚ್ಚಿದ್ದವು. ಬಸುರಿಯರು ಹೊರಗೆ ಬರಬಾರದು, ಉಣ್ಣಬಾರದು ಎಂಬ ಕಟ್ಟಳೆ ಇಂದಿಗೂ ಪೂರ್ತಿ ಅಳಿದಿಲ್ಲ. ಗ್ರಹಣದ ನೆರಳಿನಿಂದ ಗರ್ಭಕ್ಕಾಗಲೀ ಅನ್ನಕ್ಕಾಗಲೀ ಕೇಡಾಗುತ್ತದೆಂಬುದಕ್ಕೆ ಆಧಾರವಿಲ್ಲ. ದಿನವಿಡೀ ಹನಿ ನೀರಿಲ್ಲದೆ ಇರುವ ಗರ್ಭಿಣಿಗೆ ಆಗುವ ತೊಂದರೆ ಮಾತ್ರ ನಿಜ.

ಅಚ್ಚರಿಯೆಂದರೆ ಇದೇ ನಾಡಿನ ಹಿಂದಿನವರು ಗ್ರಹಣವನ್ನು ದಾನಕ್ಕೆ ಪ್ರಶಸ್ತ ದಿನವೆಂದು ಬಗೆದು ಕಲ್ಲಿನಲ್ಲಿ ಕೆತ್ತಿಸಿದರು. ಬೆಂಗಳೂರಿನ ನೆಹರೂ ತಾರಾಲಯದ ನಿರ್ದೇಶಕರಾಗಿದ್ದ ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರೊಡನೆ ಶಾಸನಗಳಲ್ಲಿನ ಇಂಥ ಉಲ್ಲೇಖಗಳನ್ನು ಕಲೆಹಾಕಿ ಗ್ರಂಥವಾಗಿಸಿದ್ದಾರೆ. ಹಳೆಯ ಗ್ರಹಣಗಳ ದಾಖಲೆಗಳಿಂದ ಭೂಮಿಯ ತಿರುಗುವಿಕೆ ಎಷ್ಟು ನಿಧಾನವಾಗಿದೆ ಎಂಬುದನ್ನು ಖಗೋಳಜ್ಞರು ಲೆಕ್ಕಹಾಕುತ್ತಾರೆ. 1868ರ ಆಗಸ್ಟ್ 18ರ ಗ್ರಹಣವನ್ನು ಲೆಫ್ಟಿನೆಂಟ್ ಜಾನ್ ಹರ್ಷೆಲ್ ವೀಕ್ಷಿಸಿದ್ದು ಜಮಖಂಡಿಯಲ್ಲಿ. ಅಂದು ಸೂರ್ಯನ ಜ್ವಾಲೆಗಳಲ್ಲಿ ಕಂಡ ಹಳದಿ ರೇಖೆಯೇ ಮುಂದೆ ಹೀಲಿಯಂನ ಗುರುತಾಯಿತು; ಭೂಮಿಯ ಮೇಲೆ ಆ ಅನಿಲ ಕೈಗೆ ಸಿಕ್ಕಿದ್ದು 1895ರಲ್ಲಿ. 1871ರ ಡಿಸೆಂಬರ್ 12ರ ಗ್ರಹಣಕ್ಕೆ ನಾರ್ಮನ್ ಲಾಕಿಯರ್ ಕಾಸರಗೋಡು ಸೀಮೆಯ ಬೇಕಲ ಕೋಟೆಗೆ ಬಂದಿದ್ದರು.

2031ರ ಮೇ 21ರಂದು ಕಂಕಣ ಗ್ರಹಣವೊಂದು ಕೇರಳ, ತಮಿಳುನಾಡುಗಳ ಮೇಲೆ ಹಾಯಲಿದ್ದು, ದಾವಣಗೆರೆ, ಹರಿಹರಗಳಲ್ಲಿ ಪಾರ್ಶ್ವವಾಗಿ ಕಾಣಲಿದೆ. ಎಕ್ಸ್-ರೇ ಫಿಲ್ಮ್, ಮಸಿ ಹಿಡಿದ ಗಾಜು, ತಂಪು ಕನ್ನಡಕ ಇವ್ಯಾವುವೂ ಕಣ್ಣನ್ನು ಕಾಯವು. ಪ್ರಮಾಣಿತ ಗ್ರಹಣ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜು ಬೇಕು. ಅದೂ ಇಲ್ಲದಿದ್ದರೆ ರಟ್ಟಿಗೆ ಸೂಜಿಯಿಂದ ತೂತು ಕೊರೆದು, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಗೋಡೆಯ ಮೇಲೆ ಬೀಳುವ ಬಿಂಬವನ್ನು ನೋಡಬಹುದು.