ಕ್ಯಾಮೆರಾ ಫೋನಿಗೆ ಫೋಟೋ ಕಳಿಸೋಕೆ ಕಲಿತ ಕತೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಹೆಸರನ್ನ ನೀವು ಸುದ್ದಿಯಲ್ಲಿ ಕೇಳಿರ್ತೀರಿ. ಕೆಲವು ಕಡೆ ಬಿದರೆಹಳ್ಳ ಕಾವಲ್ ಅಂತಲೂ ಬರೀತಾರೆ. ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇರೋ ಜಾಗ. 2016ರ ಜನವರಿ 3ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಶಂಕುಸ್ಥಾಪನೆ ಮಾಡಿದ್ರು. 2023ರ ಫೆಬ್ರುವರಿ 6ರಂದು ಮತ್ತೆ ಅವರೇ ಬಂದು ಕಾರ್ಖಾನೆಯನ್ನ ದೇಶಕ್ಕೆ ಸಮರ್ಪಿಸಿದ್ರು. ಆದ್ರೆ ಈ ಸಂಚಿಕೆ ಹೆಲಿಕಾಪ್ಟರ್ ಬಗ್ಗೆ ಅಲ್ಲ. ಆ ಎರಡು ಸಮಾರಂಭಗಳ ನಡುವಿನ ಏಳು ವರ್ಷಗಳಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಯ್ತು. ಕ್ಯಾಮೆರಾದಲ್ಲಿ ತೆಗೆದ ಫೋಟೋ ವೈರಿನ ಹಂಗಿಲ್ಲದೆ ಜೇಬಿನ ಫೋನಿಗೆ ಇಳಿಯೋದು ಮಾಮೂಲಿ ಸಂಗತಿ ಆಯ್ತು. ಅದು ಹೇಗಾಯ್ತು ಅನ್ನೋದೇ ಇವತ್ತಿನ ಕತೆ.

ಮೊದಲು ಫೋಟೋ ಬಸ್ಸಿನಲ್ಲಿ ಪ್ರಯಾಣ ಮಾಡ್ತಿತ್ತು. ತಮಾಷೆ ಅಲ್ಲ. ಜಿಲ್ಲೆಗಳ ವರದಿಗಾರರು ಸುದ್ದಿ ಮತ್ತು ಫೋಟೋವನ್ನ ಒಂದು ಕವರ್‌ನಲ್ಲಿ ಹಾಕಿ, ಬೆಂಗಳೂರಿಗೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಕೊಡ್ತಿದ್ರು. ಬಸ್ಸು ತಡ ಆದ್ರೆ ಮಾರನೇ ದಿನದ ಪತ್ರಿಕೆಯಲ್ಲಿ ಫೋಟೋ ಇರ್ತಿರಲಿಲ್ಲ, ಅಷ್ಟೇ.

ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದು 1975ರಲ್ಲಿ. ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅದನ್ನ ಕಟ್ಟಿದ್ರು. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್‌ಗೆ ಇಳಿಯೋಕೆ 23 ಸೆಕೆಂಡ್ ಬೇಕಿತ್ತು. ಆಮೇಲಿನ ಇಪ್ಪತ್ತು ವರ್ಷ ಬಿಟ್ಟು ನೇರ 1997ರ ಜೂನ್ 11ಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಈ ಇಡೀ ಕತೆಯ ನಿಜವಾದ ಶುರು ಅದು.

ಜಾಗ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್. ಹೆರಿಗೆ ಆಸ್ಪತ್ರೆಯಲ್ಲಿ ಹೆಂಡತಿಗೆ ನೋವು ಶುರುವಾಗಿದೆ. ಗಂಡ ಫಿಲಿಪ್ ಕಾನ್, ಸಾಫ್ಟ್‌ವೇರ್ ಉದ್ಯಮಿ, ಒಂದು ಕಡೆ ಕೂತು ವೈರು ಜೋಡಿಸ್ತಿದ್ದಾರೆ. ಅವರ ಹತ್ರ ಇದ್ದದ್ದು ಕ್ಯಾಸಿಯೋ ಕಂಪನಿಯ ಪುಟ್ಟ ಡಿಜಿಟಲ್ ಕ್ಯಾಮೆರಾ, ಮೊಟೊರೊಲಾದ ಮಡಚೋ ಫೋನು, ಒಂದು ಲ್ಯಾಪ್‌ಟಾಪ್. ಮೂರಕ್ಕೂ ಒಂದರ ಭಾಷೆ ಇನ್ನೊಂದಕ್ಕೆ ಬರಲ್ಲ. ಕಾರಿನಲ್ಲಿದ್ದ ಸ್ಪೀಕರ್‌ಫೋನ್ ಕಿಟ್‌ನ ವೈರು ಕಿತ್ತು ತಂದು ಬೆಸುಗೆ ಹಾಕಿ, ಅಲ್ಲೇ ಕೂತು ಪ್ರೋಗ್ರಾಮ್ ಬರೆದ್ರು. ಮಗಳು ಸೋಫಿ ಹುಟ್ಟಿದಳು. ಅವಳ ಫೋಟೋ ಎರಡು ಸಾವಿರಕ್ಕೂ ಹೆಚ್ಚು ಜನರನ್ನ ತಲುಪಿತು. ಕ್ಯಾಮೆರಾ ಮತ್ತು ಫೋನ್ ಸೇರಿ ಆಗಿಂದಾಗಲೇ ಫೋಟೋ ಹಂಚಿದ್ದು ಹೀಗೆ, ವೈರಿನ ಗಂಟಿನಿಂದ.

ವೈರು ಹೋಗಬೇಕಾದ್ರೆ ಗಾಳಿಯಲ್ಲಿ ಖಾಲಿ ದಾರಿ ಬೇಕು. ಇದನ್ನ ಯಾರೂ ಹೇಳಲ್ಲ, ಅದಕ್ಕೇ ನಾನು ಸ್ವಲ್ಪ ನಿಂತು ಹೇಳ್ತೀನಿ. ನಮ್ಮ ದೇಶದಲ್ಲಿ 1933ರ ಒಂದು ಕಾಯ್ದೆ ಪ್ರಕಾರ ನಿಸ್ತಂತು ಉಪಕರಣ ಇಟ್ಟುಕೊಳ್ಳೋಕೇ ಪರವಾನಗಿ ಬೇಕಿತ್ತು. ವೈಫೈ, ಬ್ಲೂಟೂತ್ ಎರಡೂ ಓಡಾಡೋ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡ ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2005ರ ಜನವರಿಯಲ್ಲಿ. ಅಮೆರಿಕ ಆ ಬಾಗಿಲನ್ನ 1985ರಲ್ಲೇ ತೆರೆದಿತ್ತು. ಇವತ್ತು ನೀವು ಮದುವೆ ಮನೆಯಲ್ಲಿ ಯಾರನ್ನೂ ಕೇಳದೆ ಕ್ಯಾಮೆರಾದ ವೈಫೈ ಆನ್ ಮಾಡ್ತೀರಲ್ಲ, ಅದರ ಹಿಂದೆ ಇರೋದು ಈ ಒಂದು ನಿಯಮ.

ಅದೇ 2005ರಲ್ಲಿ ನಿಕಾನ್ ಕಂಪನಿ ಕೂಲ್‌ಪಿಕ್ಸ್ ಪಿ1 ಅನ್ನೋ ಕ್ಯಾಮೆರಾದೊಳಗೇ ವೈಫೈ ಕೂರಿಸಿತು. ಆದ್ರೆ ಫೋಟೋ ಹೋಗ್ತಿದ್ದದ್ದು ಕಂಪ್ಯೂಟರ್‌ಗೆ, ಪ್ರಿಂಟರ್‌ಗೆ. 2007ರಲ್ಲಿ ಐ-ಫೈ ಅನ್ನೋ ಮೆಮೊರಿ ಕಾರ್ಡ್ ಬಂತು. ಉಗುರಿನಷ್ಟು ಕಾರ್ಡ್‌ನೊಳಗೇ ವೈಫೈ! ಹಳೇ ಕ್ಯಾಮೆರಾಗೂ ರೆಕ್ಕೆ ಬಂದ ಹಾಗಾಯ್ತು. ಅದರ ಕೊನೆಯೂ ಕೇಳಿ: 2016ರ ಸೆಪ್ಟೆಂಬರ್‌ನಲ್ಲಿ ಕಂಪನಿ ತನ್ನ ಹಳೇ ಕಾರ್ಡ್‌ಗಳಿಗೆ ಬೇಕಾದ ಆನ್‌ಲೈನ್ ಸೇವೆ ನಿಲ್ಲಿಸಿತು. ಕಾರ್ಡ್ ಚೆನ್ನಾಗೇ ಇತ್ತು, ಆ ಕಡೆಯ ಸರ್ವರ್ ಹೋಯ್ತು.

ಈಗ ಕಾವಲಿಗೆ ವಾಪಸ್ ಬರೋಣ. ಶಂಕುಸ್ಥಾಪನೆ ನಡೆದ ಅದೇ 2016ರ ಜನವರಿಯಲ್ಲಿ ನಿಕಾನ್ ಡಿ500 ಕ್ಯಾಮೆರಾ ಪ್ರಕಟಿಸಿತು, ಜೊತೆಗೆ ಸ್ನ್ಯಾಪ್‌ಬ್ರಿಡ್ಜ್ ಅನ್ನೋ ವ್ಯವಸ್ಥೆಯನ್ನೂ. ತುಂಬಾ ಕಡಿಮೆ ಬ್ಯಾಟರಿ ತಿನ್ನೋ ಬ್ಲೂಟೂತ್ ಕ್ಯಾಮೆರಾ ಮತ್ತು ಫೋನನ್ನ ಸದಾ ಜೋಡಿಸಿಟ್ಟಿರುತ್ತೆ. ನೀವು ಕ್ಲಿಕ್ ಮಾಡ್ತಾ ಹೋದ್ರೆ ಫೋಟೋ ತಾನಾಗೇ ಫೋನಿಗೆ ಇಳೀತಾ ಇರುತ್ತೆ. ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು, ಡೇಟಾ ಅಗ್ಗ ಆಯ್ತು. ಫೋಟೋ ಫೋನಿಗೆ ಇಳಿದು ಪ್ರಯೋಜನ ಏನು, ಅಲ್ಲಿಂದ ಮುಂದಕ್ಕೆ ಹೋಗಬೇಕಲ್ಲ? ಆ ಎರಡನೇ ಅರ್ಧ ತೆರೆದದ್ದು ಆಗ. 2016ಕ್ಕೆ ಮುಂಚೆ ಕಾರ್ಡ್ ತೆಗಿ, ರೀಡರ್‌ಗೆ ಹಾಕು, ಲ್ಯಾಪ್‌ಟಾಪ್ ತೆರಿ, ಡಾಂಗಲ್ ಸಿಕ್ಕಿಸು ಅಂತ ಒದ್ದಾಡಿದವರಿಗೆ ಮಾತ್ರ ಈ ವರ್ಷದ ಬೆಲೆ ಗೊತ್ತು.

ಕೇಳುಗರಿಂದ ಪದೇ ಪದೇ ಬರೋ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡ್ತೀನಿ: ಕ್ಯಾಮೆರಾದ ವೈಫೈಗೆ ಫೋನ್ ಜೋಡಿಸಿದ್ರೆ ಯಾಕೆ ಮತ್ತೆ ಮತ್ತೆ ಕಟ್ ಆಗುತ್ತೆ? ಕ್ಯಾಮೆರಾ ತಾನೇ ಒಂದು ಪುಟ್ಟ ಹಾಟ್‌ಸ್ಪಾಟ್ ಆಗಿರುತ್ತೆ, ಆದ್ರೆ ಅದರಲ್ಲಿ ಇಂಟರ್ನೆಟ್ ಇರಲ್ಲ. ‘ಇಂಟರ್ನೆಟ್ ಇಲ್ಲ’ ಅಂತ ಫೋನ್ ಗಾಬರಿಯಾಗಿ ಮನೆ ವೈಫೈಗೋ ಮೊಬೈಲ್ ಡೇಟಾಗೋ ಹಾರಿಬಿಡುತ್ತೆ. ಸ್ವಲ್ಪ ಹೊತ್ತು ಮೊಬೈಲ್ ಡೇಟಾ ಆಫ್ ಮಾಡಿ, ಕನೆಕ್ಷನ್ ಇಟ್ಟುಕೊಳ್ಳಲಾ ಅಂತ ಕೇಳಿದ್ರೆ ಹೂಂ ಅನ್ನಿ. ಟವರ್ ಸಿಗದ ಹೊಲದ ನಡುವೆಯೂ ಫೋಟೋ ಇಳಿಯುತ್ತೆ.

ಇನ್ನು ನನ್ನನ್ನ ಕಾಡೋ ವಿಷಯ. ಡಿ500 ತೆಗೆಯೋ ಚಿತ್ರದಲ್ಲಿ ಸುಮಾರು 2 ಕೋಟಿ ಬಿಂದುಗಳಿರ್ತವೆ. ಸ್ನ್ಯಾಪ್‌ಬ್ರಿಡ್ಜ್ ತಾನಾಗೇ ಫೋನಿಗೆ ಕಳಿಸೋದು ಸುಮಾರು 20 ಲಕ್ಷ ಬಿಂದುಗಳ ನಕಲು, ಅಂದ್ರೆ ಹತ್ತರಲ್ಲಿ ಒಂದು ಭಾಗ. ಅದನ್ನ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದ್ರೆ ಇನ್ನಷ್ಟು ಹಿಂಡುತ್ತೆ. ಎಲ್ಲರೂ ನೋಡಿದ್ರು, ಲೈಕ್ ಬಂತು, ಕೆಲಸ ಮುಗೀತು. ಕಾರ್ಡ್ ತುಂಬಿದಾಗ ಫಾರ್ಮ್ಯಾಟ್. ಬಸ್ಸಿನ ಕವರ್ ಕಾಲದಲ್ಲಿ ಫೋಟೋ ನಿಧಾನವಾಗಿ ಹೋಗ್ತಿತ್ತು, ನಿಜ, ಆದ್ರೆ ನೆಗೆಟಿವ್ ಅನ್ನೋ ಮೂಲ ಎಲ್ಲೋ ಒಂದು ಡಬ್ಬಿಯಲ್ಲಿ ಉಳೀತಿತ್ತು.

ಕಾವಲ್ ಅಂದ್ರೆ ದನಕರು ಮೇಯೋಕೆ ಅಂತ ಕಾಯ್ದಿಟ್ಟ ಹುಲ್ಲುಗಾವಲು. ಹಳೇ ಮೈಸೂರು ಸೀಮೆಯಲ್ಲಿ ಈ ಹೆಸರಿನ ಊರುಗಳು ಬೇಕಾದಷ್ಟಿವೆ. ಬಿದರೆಹಳ್ಳಿ ಕಾವಲಿನಲ್ಲಿ ಕಾರ್ಖಾನೆಗೆ ಹೋದದ್ದು 615 ಎಕರೆ. ಅದು ರಕ್ಷಣಾ ವಲಯದ ಜಾಗ, ಈಗ ಅನುಮತಿ ಇಲ್ಲದೆ ಒಳಗೆ ಹೋಗಿ ಕ್ಲಿಕ್ ಮಾಡೋ ಹಾಗಿಲ್ಲ. ಹಾಗಾಗಿ ಬೇಲಿಗೆ ಮುಂಚಿನ ಆ ನೆಲದ ಮುಖ ಹೇಗಿತ್ತು ಅನ್ನೋಕೆ ಸಾಕ್ಷಿ ಇರೋದು ಆಗ ಅಲ್ಲಿ ಕ್ಯಾಮೆರಾ ಹಿಡಿದು ಓಡಾಡಿದವರ ಕಾರ್ಡ್, ಹಾರ್ಡ್‌ಡಿಸ್ಕ್, ಸ್ಟುಡಿಯೊ ಕಂಪ್ಯೂಟರ್‌ಗಳಲ್ಲಿ.

ಗುಬ್ಬಿ, ನಿಟ್ಟೂರು ಕಡೆ ಕೇಳ್ತಿರೋರು ಯಾರಾದ್ರೂ ಇದ್ರೆ, 2016ಕ್ಕೆ ಮುಂಚೆ ಆ ಕಾವಲಿನಲ್ಲಿ ತೆಗೆದ ಒಂದು ಫೋಟೋ ನಿಮ್ಮ ಹತ್ರ ಇದ್ರೂ ನಮಗೆ ಕಳಿಸಿ. ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿ, ಪರವಾಗಿಲ್ಲ. ಆದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಆಗ ಮೂಲ ಫೈಲ್ ಹಾಗೇ ಬರುತ್ತೆ.