ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಸಾಂಕ್ರಾಮಿಕ ತಡೆಯ ಜನತಿಳಿವಳಿಕೆ

ಕೃಷ್ಣಾ–ಭೀಮಾ ತೀರದ ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳು 2009ರ ಡಿಸೆಂಬರಿನಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯಾದವು. 2011ರ ಜನಗಣತಿಯಲ್ಲಿ ಈ ಜಿಲ್ಲೆಯ ಸಾಕ್ಷರತೆ ಶೇ. 52ರ ಆಸುಪಾಸಿನಲ್ಲಿದ್ದು ರಾಜ್ಯದಲ್ಲೇ ಅತ್ಯಂತ ಕಡಿಮೆಯಾಗಿತ್ತು. ಈ ಅಂಕಿಯನ್ನು ಮುಂದಿಟ್ಟುಕೊಂಡು ಇಲ್ಲಿನ ಜನರಿಗೆ ರೋಗ ತಡೆಯ ಅರಿವಿಲ್ಲವೆಂದು ತೀರ್ಮಾನಿಸುವುದು ಸುಲಭವಾದರೂ ಈ ಸೀಮೆಯ ಚರಿತ್ರೆ ಆ ತೀರ್ಮಾನವನ್ನು ಒಪ್ಪುವುದಿಲ್ಲ.

1871ರಲ್ಲಿ ಮುಂಬೈ ಮತ್ತು ಮದ್ರಾಸಿನ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿ ಆ ಮಾರ್ಗದ ಮೇಲಿನ ನಿಲ್ದಾಣವಾಯಿತು. 1896ರಲ್ಲಿ ಮುಂಬೈಯಲ್ಲಿ ಪ್ಲೇಗು ಕಾಣಿಸಿಕೊಂಡ ಬಳಿಕ ದಖ್ಖನ್ನಿನ ಊರುಗಳು ಇಂಥ ಹಳಿಗಳನ್ನು ಆತಂಕದಿಂದ ನೋಡುವಂತಾಯಿತು. ಆಗ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿದ್ದು, ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಕನ್ನಡ ಮಾತನಾಡುವ ರೈತನಿಗೆ ಸರ್ಕಾರಿ ಬರಹಕ್ಕಿಂತ ಊರಿನ ಬಾಯಿಮಾತೇ ಹತ್ತಿರದ್ದಾಗಿತ್ತು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ಕನ್ನಡ ನಾಡಿನ ಹಳ್ಳಿಗರು ಅನುಭವದಿಂದ ಕಲಿತ ಪಾಠ. ಸತ್ತ ಇಲಿಯ ಮೈಮೇಲಿನ ಚಿಗಟಗಳು ಮನುಷ್ಯರನ್ನು ಕಚ್ಚಿ ರೋಗ ಹರಡುತ್ತವೆಯಾದ್ದರಿಂದ, ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ವೈದ್ಯಶಾಸ್ತ್ರವೂ ಒಪ್ಪುವ ಕ್ರಮವಾಗಿತ್ತು. ಬಯಲುಸೀಮೆಯ ಹಲವೆಡೆ ಇಂದಿಗೂ ಉಳಿದಿರುವ, ಊರವರೆಲ್ಲ ಮನೆಗೆ ಬೀಗ ಹಾಕಿ ಹೊರಗೆ ದಿನ ಕಳೆಯುವ ‘ಹೊರಬೀಡು’ ಆಚರಣೆಯನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮುನ್ನ ಈ ಹಿನ್ನೆಲೆಯನ್ನು ನೆನೆಯಬೇಕು.

ಸಾಂಕ್ರಾಮಿಕಗಳ ಸಾಲಿಗೆ ನೇರವಾಗಿ ಸೇರದಿದ್ದರೂ ನಾರುಹುಣ್ಣಿನ ಉದಾಹರಣೆ ಇಲ್ಲಿ ಹೆಚ್ಚು ಬೆಲೆಯುಳ್ಳದ್ದು. ಮೆಟ್ಟಿಲುಬಾವಿಗೆ ಇಳಿದು ನೀರು ತುಂಬುವವರ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರು ಸೇರಿ, ಅಲ್ಲಿನ ಅತಿಸಣ್ಣ ಜಲಜೀವಿಗಳ ಹೊಟ್ಟೆ ಹೊಕ್ಕು, ಕುಡಿದವರ ದೇಹದಲ್ಲಿ ಬೆಳೆಯುವ ಈ ರೋಗ ಕಲಬುರಗಿ ಭಾಗದಲ್ಲಿ ಬಹುಕಾಲ ನೆಲೆಸಿತ್ತು. ಇದಕ್ಕೆ ಲಸಿಕೆಯಿರಲಿಲ್ಲ; ನೀರನ್ನು ಬಟ್ಟೆಯಲ್ಲಿ ಸೋಸುವುದು, ಹುಣ್ಣಿರುವವರು ಬಾವಿಗಿಳಿಯದಿರುವುದು, ಮೆಟ್ಟಿಲುಬಾವಿಯನ್ನು ಸೇದುವ ಬಾವಿಯಾಗಿಸುವುದು, ಕೊಳವೆಬಾವಿ ಕೊರೆಸುವುದು ಇವೇ ಮದ್ದಾಗಿದ್ದವು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ತಿಳಿವಳಿಕೆಯ ಜೊತೆಗೆ ನೀರನ್ನೂ ಕೊಟ್ಟಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತವೆಂದು ದೃಢೀಕರಿಸಿತು.

ಕೋವಿಡ್ ಕಾಲದಲ್ಲಿ ತಿಳಿವಳಿಕೆ ಮತ್ತು ಸೌಕರ್ಯಗಳ ಈ ಜೋಡಣೆ ತಪ್ಪಿತು. 2020ರ ಮಾರ್ಚ್ 10ರಂದು ನೆರೆಯ ಕಲಬುರಗಿಯ ವೃದ್ಧರೊಬ್ಬರ ಸಾವು ದೇಶದ ಮೊದಲ ಕೋವಿಡ್ ಸಾವಾದರೂ, ಮೇ ಮೊದಲ ದಿನ ಕೇಂದ್ರ ಸರ್ಕಾರ ಪ್ರಕಟಿಸಿದ ಪಟ್ಟಿಯಲ್ಲಿ ಯಾದಗಿರಿ ಸೋಂಕಿಲ್ಲದ ‘ಹಸಿರು ವಲಯ’ದಲ್ಲಿತ್ತು. ಗುಳೆ ಹೋದವರು, ಅಂದರೆ ದುಡಿಮೆಗಾಗಿ ಮುಂಬೈ, ಪುಣೆಗಳಿಗೆ ವಲಸೆ ಹೋಗಿದ್ದವರು, ಲಾಕ್‌ಡೌನಿನಲ್ಲಿ ಕೂಲಿಯಿಲ್ಲದೆ ಮರಳಿದಾಗ ಕೆಲವೇ ವಾರಗಳಲ್ಲಿ ಜಿಲ್ಲೆ ಹೆಚ್ಚು ಸೋಂಕಿತರಿರುವ ಜಿಲ್ಲೆಗಳ ಸಾಲಿಗೆ ಬಂದಿತು. ಸಾಬೂನಿನಿಂದ ಕೈ ತೊಳೆಯಬೇಕು, ಅಂತರ ಕಾಯಬೇಕು ಎಂಬ ಮಾತು ತಾಂಡಾಗಳವರೆಗೂ ತಲುಪಿತ್ತು. ಆದರೆ ಬೇಸಿಗೆಯಲ್ಲಿ ಕೊಡ ನೀರಿಗೆ ಸರದಿ ನಿಲ್ಲುವ, ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಮಲಗುವ ಕುಟುಂಬಗಳು ಆ ಮಾತನ್ನು ಪಾಲಿಸುವುದು ಹೇಗೆಂಬ ಪ್ರಶ್ನೆಗೆ ಭಿತ್ತಿಪತ್ರಗಳಲ್ಲಿ ಉತ್ತರವಿರಲಿಲ್ಲ. ಮನೆಮನೆಗೆ ತಿಳಿವಳಿಕೆ ಒಯ್ದ ಆಶಾ ಕಾರ್ಯಕರ್ತೆಯರು ಅದೇ ವರ್ಷದ ಜುಲೈನಲ್ಲಿ ಮಾಸಿಕ 12,000 ರೂಪಾಯಿ ಗೌರವಧನಕ್ಕಾಗಿ ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತೆಂಬುದು ಸಮಾಜ ಈ ಕೆಲಸಕ್ಕೆ ಕಟ್ಟಿದ ಬೆಲೆಯನ್ನು ತೋರಿಸುತ್ತದೆ. ಲಸಿಕೆಯ ಬಗೆಗಿನ ಹಿಂಜರಿಕೆ ಮಾತ್ರ ನಿಜವಾಗಿಯೂ ತಿಳಿವಳಿಕೆಗೆ ಸಂಬಂಧಿಸಿದ ತೊಡಕಾಗಿದ್ದು, ಅದನ್ನು ಪರಿಚಯದ ಮುಖಗಳು ಕೂತು ಮಾತನಾಡಿ ನಿವಾರಿಸಬೇಕಿತ್ತು.

2023ರ ಫೆಬ್ರವರಿಯಲ್ಲಿ ಇದೇ ಜಿಲ್ಲೆಯ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಜನ ಸತ್ತರು. ಶುದ್ಧ ನೀರು ಕುಡಿಯಬೇಕೆಂಬುದು ಅಲ್ಲಿ ಯಾರಿಗೂ ಹೊಸ ಮಾತಾಗಿರಲಾರದು. ಆದ್ದರಿಂದ ಈ ಸೀಮೆಯಲ್ಲಿ ಮುಂದೆ ನಡೆಯುವ ಅರಿವಿನ ಸಮೀಕ್ಷೆಗಳು ಜನರಿಗೆ ಏನು ಗೊತ್ತಿದೆ ಎಂದು ಕೇಳುವುದರ ಜೊತೆಗೆ, ಗೊತ್ತಿರುವುದನ್ನು ಪಾಲಿಸಲು ಅವರ ಮನೆಯಲ್ಲಿ ನೀರು, ಜಾಗ ಮತ್ತು ದಿನದ ಕೂಲಿ ಇದೆಯೇ ಎಂಬುದನ್ನೂ ದಾಖಲಿಸಬೇಕು.