ಮಡಿ ಬೇರೆ, ಸ್ವಚ್ಛತೆ ಬೇರೆ: ಕಟಿಂಗ್ ಶಾಪ್‌ನ ಮೊದಲ ಪಾಠ

ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆ ಕ್ಷೌರ ಕಲಿಯುವ ಹುಡುಗರಲ್ಲಿ ಅನೇಕರು ಅಪ್ಪನದೋ ಚಿಕ್ಕಪ್ಪನದೋ ಅಂಗಡಿಯಲ್ಲಿ ನಿಂತು ನೋಡ್ತಾ ನೋಡ್ತಾ ಕಲಿತವರು. ಕೈಚಳಕ ಹಾಗೇ ಬರುತ್ತೆ. ಆದರೆ ಕಣ್ಣಿಗೇ ಕಾಣದ ವೈರಾಣುವನ್ನು ಕೊಲ್ಲೋದು ನೋಡಿ ಕಲಿಯುವ ವಿದ್ಯೆಯಲ್ಲ, ಯಾರಾದರೂ ಹೇಳಿಕೊಡಬೇಕು. ಅದರ ಮೂಲಪಾಠವನ್ನು ಇಲ್ಲಿ ಕೊಡುತ್ತಿದ್ದೇನೆ. ಇದರೊಳಗೆ ರಾಜಕೀಯವೂ ಇದೆ.

ಏನು ಹರಡುತ್ತೆ?

ಬಾಚಣಿಗೆ, ಟವೆಲ್, ಟ್ರಿಮ್ಮರ್‌ಗಳಿಂದ ಹುಳುಕಡ್ಡಿ, ಹೇನು, ಕೂದಲ ಬುಡದ ಕೀವುಗುಳ್ಳೆ ಹರಡಬಹುದು. ರಕ್ತ ತಾಗಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಮತ್ತು ಸಿ ಬರಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ರಕ್ತವೇ ಅದಕ್ಕೆ ಸಾಕು.

ಮೂರು ಮೆಟ್ಟಿಲು

ಮೊದಲನೆಯದು ತೊಳೆಯುವುದು. ಕೂದಲು, ಎಣ್ಣೆ, ರಕ್ತ ಅಂಟಿಕೊಂಡಿದ್ದರೆ ಯಾವ ಔಷಧಿಯೂ ಒಳಗೆ ಇಳಿಯಲ್ಲ. ಹಾಗಾಗಿ ಸೋಪು, ನೀರು, ಬ್ರಶ್ ಮೊದಲು.

ಎರಡನೆಯದು ಸೋಂಕು ನಿವಾರಣೆ. ಕತ್ತರಿಯನ್ನು 70% ಆಲ್ಕೋಹಾಲ್‌ನಲ್ಲಿ 10 ನಿಮಿಷ ಮುಳುಗಿಸಿಡಿ. ಪ್ಲಾಸ್ಟಿಕ್ ಬಾಚಣಿಗೆಗೆ, ರಕ್ತ ಬಿದ್ದ ಜಾಗಕ್ಕೆ ಬ್ಲೀಚ್ ಸಾಕು: 5% ಬ್ಲೀಚ್ 1 ಪಾಲು, ನೀರು 9 ಪಾಲು, 10 ನಿಮಿಷ. ಇದನ್ನು ದಿನಾ ಹೊಸದಾಗಿ ಕಲಸಬೇಕು. ಬ್ಲೀಚ್ ಲೋಹಕ್ಕೆ ತುಕ್ಕು ಹಿಡಿಸುತ್ತೆ, ಆಲ್ಕೋಹಾಲ್‌ಗೆ ಬೆಂಕಿ ಹತ್ತುತ್ತೆ, ಹುಷಾರು.

ಮೂರನೆಯದು ಸ್ಟೆರಿಲೈಸೇಶನ್: ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಹಬೆ, 15ರಿಂದ 20 ನಿಮಿಷ. ಸಣ್ಣ ಅಂಗಡಿಯಲ್ಲಿ ಆಟೋಕ್ಲೇವ್ ಇರಲ್ಲ. ಅಲ್ಲಿ ತೊಳೆದ ಕತ್ತರಿಯನ್ನು 20 ನಿಮಿಷ ಕುದಿಸಿದರೆ ಬಹುತೇಕ ರೋಗಾಣುಗಳು ಸಾಯುತ್ತವೆ. ಬ್ಲೇಡ್ ವಿಷಯಕ್ಕೆ ಇದಾವುದೂ ಬೇಡ: ಒಬ್ಬರಿಗೆ ಒಂದು, ಆಮೇಲೆ ಗಟ್ಟಿ ಡಬ್ಬಿಗೆ. ಕಸದ ಬುಟ್ಟಿಗೆ ಹಾಕಿದರೆ ಪೌರಕಾರ್ಮಿಕರ ಕೈ ಕೊಯ್ಯುತ್ತೆ. ಬ್ಲೇಡ್ ಬದಲಾದರೂ ಅದರ ಹಿಡಿಯನ್ನು ಪ್ರತಿ ಸಲ ತೊಳೆದು ಒರೆಸಲೇಬೇಕು.

ಕೆಲವು ಭ್ರಮೆಗಳು

ಪಟಿಕದ ಕಲ್ಲು ರಕ್ತ ನಿಲ್ಲಿಸುತ್ತೆ, ಸೋಂಕು ನಿಲ್ಲಿಸಲ್ಲ. ಎಲ್ಲರ ಗಾಯಕ್ಕೂ ಒಂದೇ ಕಲ್ಲು ಉಜ್ಜಿದರೆ ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗುತ್ತೆ. ಯುವಿ ಪೆಟ್ಟಿಗೆ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತೆ. ಬೆಳಗ್ಗೆಯಿಂದ ಸಂಜೆವರೆಗೆ ಬಾಚಣಿಗೆ ಅದ್ದಿದ ಅದೇ ಮಗ್ಗಿನ ನೀರು ಔಷಧಿಯಲ್ಲ, ಕೊಳೆ.

ಎಲ್ಲರಿಗೂ ಒಂದೇ ನಿಯಮ

ಆಸ್ಪತ್ರೆಗಳಲ್ಲಿ ಒಂದು ಸೂತ್ರವಿದೆ: ಯಾರ ರಕ್ತದಲ್ಲಿ ಸೋಂಕಿದೆ ಅಂತ ಮುಖ ನೋಡಿ ಹೇಳಲಾಗದು, ಹಾಗಾಗಿ ಎಲ್ಲರಿಗೂ ಒಂದೇ ಎಚ್ಚರಿಕೆ. ಮಡಿ ಇದಕ್ಕೆ ಪೂರ್ತಿ ಉಲ್ಟಾ. ಅದು ಹುಟ್ಟು ನೋಡಿ ಕೊಳಕು ಯಾರು ಅಂತ ತೀರ್ಮಾನಿಸುತ್ತೆ. ಕರ್ನಾಟಕದ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಪ್ರಕರಣಗಳು ಇವತ್ತಿಗೂ ಬರುತ್ತಿವೆ. ಸಂವಿಧಾನದ 17ನೇ ವಿಧಿ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಗಳ ಪ್ರಕಾರ ಅದು ಅಪರಾಧ. ಅದೇ ಜಾತಿ ವ್ಯವಸ್ಥೆ ಕ್ಷೌರಿಕರ ಕುಲದ ಹೆಸರನ್ನೇ ಬೈಗುಳ ಮಾಡಿತು. ನನ್ನ ಪ್ರಕಾರ, ಪ್ರತಿ ತಲೆಗೂ ಹೊಸ ಬ್ಲೇಡ್, ಪ್ರತಿ ತಲೆಗೂ ಅದೇ 10 ನಿಮಿಷ ಅನ್ನೋದು ಆರೋಗ್ಯದ ನಿಯಮ ಮಾತ್ರ ಅಲ್ಲ, ಸಮಾನತೆಯ ನಿಯಮವೂ ಹೌದು.

ಖರ್ಚು ಯಾರದು?

2020ರ ಲಾಕ್‌ಡೌನ್‌ನಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ ಒಂದು ಸಲಕ್ಕೆ 5,000 ರೂಪಾಯಿ ಪರಿಹಾರ ಘೋಷಿಸಿತು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕ್ಷೌರವೂ ಇದೆ: ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000 ರೂಪಾಯಿ ತನಕ. ಆ ತರಬೇತಿಯಲ್ಲಿ ಸೋಂಕು ನಿವಾರಣೆಗೆ ಒಂದು ಪೂರ್ತಿ ದಿನ ಕೊಡಿ ಅನ್ನೋದು ನನ್ನ ಒತ್ತಾಯ.

ಇನ್ನೊಂದು, ಲಸಿಕೆ. ಮಕ್ಕಳ ಹೆಪಟೈಟಿಸ್ ಬಿ ಲಸಿಕೆ ದೇಶದಾದ್ಯಂತ ವಿಸ್ತರಿಸಿದ್ದು 2011ರಲ್ಲಿ. ಅಂದರೆ ಈಗ ಕತ್ತರಿ ಹಿಡಿಯುತ್ತಿರುವ ಎಷ್ಟೋ ಹುಡುಗರಿಗೆ, ಹುಡುಗಿಯರಿಗೆ ಅದು ಸಿಕ್ಕಿರಲಿಕ್ಕಿಲ್ಲ. ದೊಡ್ಡವರಿಗೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ದಿನಾ ಬ್ಲೇಡ್ ಹಿಡಿಯುವವರಿಗೆ ಇದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಬೇಕು.

ಕುರ್ಚಿಯಲ್ಲಿ ಕೂತಾಗ “ಹೊಸ ಬ್ಲೇಡ್ ಹಾಕಿ ಅಣ್ಣ” ಅನ್ನೋದು ನಮ್ಮ ಹಕ್ಕು. ಆ ಅಣ್ಣನಿಗೆ ಲಸಿಕೆ, ತರಬೇತಿ ಕೊಡಿ ಅಂತ ಸರ್ಕಾರವನ್ನು ಕೇಳೋದೂ ನಮ್ಮದೇ ಕೆಲಸ.